ವೇದಾಂತಿಯ ಸಕ್ಕರೆ

ಇಂದಿಗೂ ಯಾರ ಮನೆಗೆ ಹೋದರೂ ಕಾಫಿಯ ಲೋಟ ನನ್ನ ಕೈ ಸೇರುವ ಮುನ್ನ ಅರೆಗಳಿಗೆ ಗಾಳಿಯಲ್ಲೇ ನಿಲ್ಲುತ್ತದೆ. ಮನೆಯಾಕೆ ದನಿ ತಗ್ಗಿಸಿ, ಸಾವಿನ ಮನೆಯಲ್ಲಿ ವಿಚಾರಿಸುವ ಗಾಂಭೀರ್ಯದಿಂದ, ನಿಮಗೆ ಸಕ್ಕರೆ ಹಾಕಬಹುದೇ ಎಂದು ಕೇಳುತ್ತಾರೆ. ಈ ವಿಶೇಷ ಗೌರವ ನನಗೆ ದಕ್ಕಿದ್ದು ಹೇಗೆಂದು ನೀವು ಕೇಳಿಲ್ಲ, ನಿಜ. ಆದರೆ ಕೇಳದಿದ್ದರೂ ಹೇಳುವುದು ಮೇಷ್ಟರ ಜನ್ಮಸಿದ್ಧ ಹಕ್ಕು.

ನಾನು ಮೈಸೂರಿನ ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕ. ದೇಹವೆಂಬುದು ಬಾಡಿಗೆ ಮನೆ, ಆತ್ಮ ಅದರ ಒಕ್ಕಲು, ಮಾಲೀಕ ಬಿಡು ಎಂದ ದಿನ ಚೊಂಬು ಚಾಪೆ ಎತ್ತಿಕೊಂಡು ನಗುನಗುತ್ತ ಹೊರಡುವುದೇ ವಿವೇಕ ಎಂದು ಹಗಲು ಹುಡುಗರಿಗೂ, ಏಕಾದಶಿಯ ಸಂಜೆ ಭಜನಾಮಂದಿರದಲ್ಲಿ ಪಿಂಚಣಿದಾರರಿಗೂ ಬೋಧಿಸುತ್ತಿದ್ದೆ. ಮಂಡಿ ಮೊಹಲ್ಲಾದ ನನ್ನ ನಿಜವಾದ ಮಾಲೀಕ ಮನೆ ಖಾಲಿ ಮಾಡಿ ಎಂದಾಗ ಚಪ್ಪಲಿಯನ್ನೂ ಮೆಟ್ಟದೆ ವಕೀಲರ ಬಳಿಗೆ ಓಡಿದ್ದು ಬೇರೆ ಮಾತು. ಸ್ವಾತಂತ್ರ್ಯ ಬಂದರೂ ಸಕ್ಕರೆಗೆ ಮಾತ್ರ ರೇಷನ್ ಕಾರ್ಡಿನ ಬಂಧನ ಬಿಡದಿದ್ದ ಆ ದಿನಗಳಲ್ಲಿ ನನ್ನ ಅಪೆಂಡಿಕ್ಸ್ ಊದಿಕೊಂಡಿತು. ಯಾವ ಗ್ರಂಥದ ಪರಿಶಿಷ್ಟವನ್ನೂ ಎಂದೂ ಓದದವನ ಮೇಲೆ ದೇಹದ ಪರಿಶಿಷ್ಟವೇ ಸೇಡು ತೀರಿಸಿಕೊಂಡಿತು.

ಶಸ್ತ್ರಚಿಕಿತ್ಸೆಯ ಬೆಳಗ್ಗೆ ಮೂಸಂಬಿ ಹಿಡಿದು ಬಂದ ಪಿಂಚಣಿದಾರರಿಗೆ ಆಸ್ಪತ್ರೆಯ ಮಂಚದಿಂದಲೇ ಬಾಡಿಗೆ ಮನೆಯ ಉಪನ್ಯಾಸ ಕೊಟ್ಟೆ. ಹೋದರೇನು, ಇದ್ದರೇನು, ಎರಡೂ ಒಂದೇ ಎಂದೆ. ಇಬ್ಬರು ಕಣ್ಣೊರೆಸಿಕೊಂಡರು. ನನ್ನ ಹೆಂಡತಿ ಜಾನಕಿ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಕಿಟಕಿಯತ್ತ ಮುಖ ತಿರುಗಿಸಿಕೊಂಡಳು. ಅದನ್ನು ನಾನು ಅಜ್ಞಾನವೆಂದು ಉದಾರವಾಗಿ ಕ್ಷಮಿಸಿದೆ.

ಆಮೇಲೆ ಈಥರಿನ ವಾಸನೆ, ಕತ್ತಲೆ, ವಾಂತಿ, ಹೊಲಿಗೆಯ ನೋವು. ಎಚ್ಚರವಾಗಿ ನೋಡಿದರೆ ಆತ್ಮ ಹಳೆಯ ವಿಳಾಸದಲ್ಲೇ ಇತ್ತು. ಆದರೆ ಪರೀಕ್ಷೆಗೆಂದು ನೀಲಿ ದ್ರಾವಣದೊಡನೆ ಕಾಯಿಸಿದ ನನ್ನ ಮೂತ್ರ ಇಟ್ಟಿಗೆಯಂತೆ ಕೆಂಪಾಗಿತ್ತು. ಸಕ್ಕರೆ ಎಂದಿತು ಆಸ್ಪತ್ರೆ. ಸಕ್ಕರೆ ಕಾಯಿಲೆ ಎಂದಿತು ನಮ್ಮ ಬೀದಿ. ಪಕ್ಕದ ಮನೆಯ ಪುಟ್ಟಮ್ಮ ಕೈಯಲ್ಲಿ ಬಟ್ಟಲು ಹಿಡಿದೇ ಸಾಂತ್ವನಕ್ಕೆ ಬಂದಿದ್ದರು.

“ಯಜಮಾನ್ರು ಇನ್ನು ಸಕ್ರೆ ಮುಟ್ಟೋ ಅಂಗಿಲ್ವಲ್ಲ ಕಣಮ್ಮ, ಸುಮ್ನೆ ಇರುವೆ ಪಾಲಾಗ್ಬುಡುತ್ತೆ.”

ಹೀಗೆ ನನ್ನ ಪಾಲಿನ ರೇಷನ್ ಸಕ್ಕರೆ ಬಟ್ಟಲು ಬಟ್ಟಲಾಗಿ ಬೀದಿಗೆ ವಿನಿಯೋಗವಾಯಿತು. ನನ್ನ ಪಾಲಿಗೆ ಉಳಿದದ್ದು ಹಾಗಲಕಾಯಿ. ಪಿಂಚಣಿದಾರರಿಗೋ ನಾನು ಕಹಿಯನ್ನೂ ಸಮಚಿತ್ತದಿಂದ ಸೇವಿಸುವ ಮಹಾತ್ಮನಾದೆ.

ಹೊಲಿಗೆ ಬಿಚ್ಚಿಸಲು ಜಾನಕಿಯೊಡನೆ ಹೋದಾಗ ಡಾಕ್ಟರು ಮತ್ತೆ ಪರೀಕ್ಷಿಸಿದರು. ದ್ರಾವಣ ನೀಲಿಯಾಗಿಯೇ ಉಳಿಯಿತು. ಕಾಯಿಲೆಯೂ ಇಲ್ಲ, ಮಣ್ಣೂ ಇಲ್ಲ ಎಂದು ನಕ್ಕು ಅವರು ವಿವರಿಸಿದರು. ಮೂತ್ರಪಿಂಡದ ನೆತ್ತಿಯ ಮೇಲೆ ಮೈಸೂರು ಪೇಟದಂತೆ ಕುಳಿತ ಪುಟ್ಟ ಗ್ರಂಥಿಯೊಂದಿದೆಯಂತೆ. ಕತ್ತಿ ಹಿಡಿದು ಬಂದವನು ವೈದ್ಯನೋ ದರೋಡೆಕೋರನೋ ಎಂಬ ಭೇದ ಅದಕ್ಕೆ ತಿಳಿಯದು. ಅಪಾಯವೆಂದು ಕಂಡೊಡನೆ ತನ್ನ ಹಾರ್ಮೋನುಗಳನ್ನು ನೆತ್ತರಿಗೆ ಅಟ್ಟುತ್ತದೆ. ಅವು ಎದೆಯನ್ನು ಓಡಿಸಿ, ನೀರನ್ನೂ ಉಪ್ಪನ್ನೂ ತಡೆಹಿಡಿದು, ಯಕೃತ್ತೆಂಬ ಗೋದಾಮಿನ ಬೀಗ ತೆಗೆಸಿ ಸಕ್ಕರೆಯನ್ನು ಹೊರಗೆ ಸುರಿಸುತ್ತವೆ. ಊರೆಲ್ಲ ಕಾರ್ಡು ಹಿಡಿದು ಸಾಲಿನಲ್ಲಿ ನಿಂತಿದ್ದಾಗ ನನ್ನೊಳಗೆ ಕಾರ್ಡಿಲ್ಲದೆ ಸಕ್ಕರೆ ಹಂಚಿಕೆಯಾಗಿತ್ತು. ಗ್ರಂಥಗಳನ್ನು ಓದಿದ್ದೆ, ಗ್ರಂಥಿಗಳನ್ನು ಓದಿರಲಿಲ್ಲ.

ಈಥರಿನ ಅಮಲಿಗೂ ಕತ್ತಿಯ ಗಾಯಕ್ಕೂ ಹೀಗಾಗುವುದುಂಟೆಂದು ಅವರು ಹೇಳಿದಾಗ ನನ್ನ ವೇದಾಂತಕ್ಕೆ ಜೀವ ಬಂತು. ಗಾಯ ದೇಹಕ್ಕೆ, ಅಂಜಿದ್ದು ಗ್ರಂಥಿ, ನಾನಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಮುಗಿಸಿಬಿಟ್ಟರು:

“ಆದ್ರೆ ಮೇಷ್ಟ್ರೇ, ನಿಮ್ಮದು ಕತ್ತಿ ತಾಗೋಕ್ ಮುಂಚೆ, ಆಪರೇಷನ್ ದಿನ ಬೆಳಗ್ಗೆ ಹಿಡಿದಿದ್ರಲ್ಲೂ ಕೆಂಪೇ ಇತ್ತು ಕಣ್ರೀ.”

ಬೆಳಗ್ಗೆ, ಅಂದರೆ ಉಪನ್ಯಾಸದ ಹೊತ್ತಿಗೆ. ನಾಲಿಗೆ ಬಾಡಿಗೆ ಮನೆಯ ಅನಿತ್ಯತೆಯನ್ನು ಸಾರುತ್ತಿದ್ದಾಗ ಒಕ್ಕಲು ಒಳಗಿನಿಂದ ಅಗುಳಿ ಹಾಕಿಕೊಂಡು ಕೂತಿತ್ತು.

ಟಾಂಗಾದಲ್ಲಿ ಮರಳುವಾಗ ನನಗೊಂದು ಧರ್ಮಸಂಕಟ. ಕಾಯಿಲೆಯಿಲ್ಲವೆಂದರೆ ಕೆಂಪಾದದ್ದೇಕೆಂದು ಬೀದಿ ಕೇಳುತ್ತದೆ. ಸಕ್ಕರೆ ಮರಳಿ ಬೇಕಾದರೆ ಹೆದರಿದ್ದೆನೆಂದು ಒಪ್ಪಬೇಕು. ಮಹಾತ್ಮನಾಗಿಯೇ ಉಳಿಯಬೇಕಾದರೆ ಆಜನ್ಮ ಕಹಿ ಕಾಫಿ. ಬೀದಿಗೆ ಹೇಳುವುದು ಬೇಡವೆಂದು ಜಾನಕಿಗೆ ಸೂಚಿಸಿದೆ. ಅವಳು ಚಾಮುಂಡಿ ಬೆಟ್ಟದ ಕಡೆಗೇ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು, ಆದರೆ ಮುಖದಲ್ಲಿ ನಗು.

“ಹೋದ್ರೂ ಒಂದೇ ಇದ್ರೂ ಒಂದೇ ಅಂದ್ರಲ್ಲ ಆವತ್ತು, ನಾನಿರೋದೂ ಇಲ್ದಿರೋದೂ ನಿಮಗೆ ಒಂದೇ ಅಂದ್ಕೊಂಡ್ಬುಟ್ಟಿದ್ದೆ ಕಣ್ರೀ. ನನ್ನ ಬಿಟ್ಟು ಹೋಗೋಕೆ ನಿಮಗೂ ಭಯ ಇತ್ತು ಅಂತ ಇವತ್ತು ಗೊತ್ತಾಯ್ತು.”

ನನ್ನ ಅಷ್ಟೂ ವರ್ಷದ ಉಪನ್ಯಾಸಗಳಲ್ಲಿ ಅವಳಿಗೆ ಹಿಡಿಸಿದ್ದು ಆ ಒಂದು ಕೆಂಪು ಮೂತ್ರ ಮಾತ್ರ. ನನಗೆ ನಾಚಿಕೆಯಾಗಬೇಕಿತ್ತು, ಆದದ್ದು ಸಂತೋಷ. ಆ ಸಂಜೆ ಅವಳು ಬಟ್ಟಲು ಹಿಡಿದು ಪುಟ್ಟಮ್ಮನ ಮನೆಗೆ ಹೋಗಿ, ನಡೆದದ್ದನ್ನೆಲ್ಲ ಹೇಳಿ, ನಮ್ಮದೇ ಸಕ್ಕರೆಯಲ್ಲಿ ಉಳಿದಷ್ಟನ್ನು ಕೇಳಿ ತಂದು ಕಾಫಿ ಮಾಡಿದಳು.

ಬೀದಿ ಮಾತ್ರ ನಂಬಲಿಲ್ಲ. ಮೇಷ್ಟರು ಹೆದರುತ್ತಾರೆಂಬುದಕ್ಕಿಂತ ಮೇಷ್ಟರಿಗೆ ಕಾಯಿಲೆಯೆಂಬುದೇ ಅದಕ್ಕೆ ಮರ್ಯಾದೆಯ ಮಾತಾಗಿ ಕಂಡಿತು. ಹಾಗಾಗಿ ಲೋಟ ಈಗಲೂ ಗಾಳಿಯಲ್ಲಿ ನಿಲ್ಲುತ್ತದೆ. ಸಕ್ಕರೆ ಹಾಕಬಹುದೇ ಎಂದು ಮನೆಯಾಕೆ ಕೇಳಿದಾಗ ನಾನು ಜಾನಕಿಯತ್ತ ನೋಡುತ್ತೇನೆ. “ಇವರಿಗೆ ಎರಡು ಚಮಚ ಹಾಕಿ, ಪುಕ್ಕಲು ಸ್ವಭಾವ” ಎನ್ನುತ್ತಾಳೆ ಅವಳು, ಹೆಮ್ಮೆಯಿಂದ.