ಊರಿಗೆಲ್ಲ ಒಂದೇ ಮೊಪೆಡ್

ನನ್ನ ಮದುವೆಯಲ್ಲಿ ಲಿಂಗಸುಗೂರಿನ ನನ್ನಪ್ಪ ಅಳಿಯನಿಗೆಂದು ಕೊಡಿಸಿದ ಮೊಪೆಡ್, ಮಸ್ಕಿಗೆ ಬಂದ ಕೆಲವೇ ದಿನಗಳಲ್ಲಿ ಊರಿನ ಆಸ್ತಿಯಾಗಿಬಿಟ್ಟಿತು. ನನ್ನ ಗಂಡನಿಗೆ ಬಜಾರಿನಲ್ಲಿ ಕಿರಾಣಿ ಅಂಗಡಿ. ಗಾಡಿ ಅದರ ಮುಂದೆ ಬೀಗವಿಲ್ಲದೆ ನಿಂತಿರುತ್ತಿತ್ತು; ಚಾವಿಯೂ ಬೇಡ, ಪೆಡಲು ತುಳಿದರೆ ಶುರುವಾಗುತ್ತಿತ್ತು. ಬೇಕಾದವರು ಬಂದು "ಅಣ್ಣಾ, ಈಗ ಬಂದೆ" ಎಂದು ಹೇಳಿ ಏರಿ ಹೋಗುತ್ತಿದ್ದರು. ಸಲುಗೆ ಜಾಸ್ತಿ ಇದ್ದವರು ಅಷ್ಟನ್ನೂ ಹೇಳುತ್ತಿರಲಿಲ್ಲ.

ನನ್ನ ಗಂಡನ ಬಾಯಿಂದ "ಇಲ್ಲ" ಎಂಬ ಶಬ್ದವೇ ಹೊರಡದು. ಅಂಗಡಿಯಲ್ಲಿ ಬೆಲ್ಲ ಮುಗಿದಿದ್ದರೆ, ನಾಳೆ ಬರುತ್ತದೆ ಎನ್ನುವ ಮನುಷ್ಯ. ಇಂಥವರಿಗೆ ಗಾಡಿ ಕೊಡಿಸಿದ್ದು ನನ್ನಪ್ಪನ ತಪ್ಪೇ ಹೊರತು ಇವರದಲ್ಲ ಎಂದು ನಾನು ಆಗಾಗ ಅನ್ನುತ್ತಿದ್ದೆ. ಇವರು ನಕ್ಕು, ಅದಕ್ಕೂ ಹೌದು ಅನ್ನುತ್ತಿದ್ದರು.

ಆ ಗಾಡಿಯ ಅಗತ್ಯ ನಿಜವಾಗಿ ಇದ್ದದ್ದು ನನಗೆ. ನಾನು ಬಳಗಾನೂರಿನ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಇವರು ನನ್ನನ್ನು ಅಲ್ಲಿಗೆ ಬಿಟ್ಟು ಬಂದು ಅಂಗಡಿ ತೆಗೆಯುತ್ತಿದ್ದರು. ಮೊಪೆಡ್ ಇಲ್ಲದಿದ್ದರೆ ಕತ್ತಲಿರುವಾಗಲೇ ಬರುವ ಮೊದಲ ಬಸ್ಸೇ ಗತಿ. ಆಮೇಲಿನ ಬಸ್ಸು ಹಿಡಿದರೆ, ನಾನು ಹೋಗಿ ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದು ಹೆಡ್‌ಮಾಸ್ತರರ ಹುಬ್ಬು ಗಂಟಿಕ್ಕಿರುತ್ತಿತ್ತು. ಹಗಲೆಲ್ಲ ಎಲ್ಲಿ ಬೇಕಾದರೂ ತಿರುಗಲಿ, ಸಂಜೆಗೆ ಗಾಡಿ ಮನೆಗೆ ಬಂದರೆ ಸಾಕು ಎಂಬುದಷ್ಟೇ ನನ್ನ ಬೇಡಿಕೆಯಾಗಿತ್ತು.

ಒಂದು ಸಂಜೆ ಅದು ಬರಲಿಲ್ಲ. ಬೇರೆ ಊರಿನಲ್ಲಾಗಿದ್ದರೆ ಗದ್ದಲವಾಗುತ್ತಿತ್ತು. ಇವರು ಮಾತ್ರ, ಯಾರೋ ಒಯ್ದಿರಬೇಕು, ತಂದು ನಿಲ್ಲಿಸುತ್ತಾರೆ ಎಂದು ಆರಾಮಾಗಿ ಉಂಡು ಮಲಗಿದರು. ಎರಡು ದಿನ ಕಾದ ಮೇಲೆ ಬಜಾರೆಲ್ಲ ವಿಚಾರಿಸಿದರು. ಗಾಡಿ ಮತ್ತೊಬ್ಬರ ಹತ್ತಿರ ಇದೆ ಎಂದೇ ಎಲ್ಲರೂ ತಿಳಿದಿದ್ದರು. ಕಳ್ಳ ಯಾರೇ ಆಗಿರಲಿ, ಅವನಿಗೆ ಅಷ್ಟು ಪುರಸತ್ತು ಕೊಟ್ಟ ಊರು ಜಗತ್ತಿನಲ್ಲಿ ಇನ್ನೊಂದಿರಲಾರದು. ಠಾಣೆಯಲ್ಲಿ ಜಮಾದಾರರು ಯಾರ ಮೇಲೆ ಸಂಶಯ ಎಂದು ಕೇಳಿದರೆ, ಇವರು ಯಾರ ಮೇಲೂ ಇಲ್ಲ, ಎಲ್ಲರೂ ನಮ್ಮವರೇ ಎಂದರಂತೆ.

ಪುಣ್ಯಕ್ಕೆ ಅಪ್ಪ ಗಾಡಿಗೆ ವಿಮೆ ಮಾಡಿಸಿದ್ದ. ಸಿಂಧನೂರಿನ ಏಜೆಂಟರು ಕಾಗದಪತ್ರ ನೋಡಿ, ಕ್ಲೇಮು ಆಗುತ್ತದೆ, ಆದರೆ ಕಂಪನಿಯವರು ಊರಿಗೆ ಬಂದು ವಿಚಾರಿಸುತ್ತಾರೆ ಎಂದರು. ಬೀಗವಿಲ್ಲದೆ ನಿಲ್ಲಿಸಿ ಕಂಡಕಂಡವರಿಗೆ ಕೊಡುತ್ತಿದ್ದರು ಎಂದು ಗೊತ್ತಾದರೆ ಕ್ಲೇಮು ಕೈತಪ್ಪಿದಂತೆಯೇ. ಇವರ ಮುಖ ಸಣ್ಣದಾಯಿತು. ಸುಳ್ಳು ಹೇಳಿ ಎಂದು ಜನರನ್ನು ಕೇಳುವ ಧೈರ್ಯ ಇವರಿಗಿರಲಿಲ್ಲ. ಕೇಳಬೇಕಾಗಿಯೂ ಬರಲಿಲ್ಲ. ಇಷ್ಟು ದಿನ ಪುಕ್ಕಟೆ ಗಾಡಿ ಹತ್ತಿದ ಋಣ ತೀರಿಸಲು ಬಜಾರಿನವರು ತಾವಾಗಿಯೇ ತಯಾರಾದರು.

ಕಂಪನಿಯ ಸಾಹೇಬರು ನಮ್ಮ ಪಡಸಾಲೆಯಲ್ಲೇ ಕೂತು ವಿಚಾರಣೆ ಶುರು ಮಾಡಿದರು. ಇವರು ಸಕ್ಕರೆ ಡಬ್ಬಿಯ ಹಿಂದಿನಿಂದ ಎರಡೂ ಚಾವಿ ತೆಗೆದು ಕೊಟ್ಟರು. ಒಮ್ಮೆಯೂ ಬಳಸದ ಚಾವಿಗಳು ಫಳಫಳ ಹೊಳೆಯುತ್ತಿದ್ದವು. ಸಾಹೇಬರು ಅವನ್ನು ತಿರುಗಿಸಿ ತಿರುಗಿಸಿ ನೋಡಿ ಪಕ್ಕಕ್ಕಿಟ್ಟುಕೊಂಡರು.

ಹಿಟ್ಟಿನ ಗಿರಣಿಯವರು, ಈ ಮನುಷ್ಯ ಗಾಡಿಯ ನೆರಳನ್ನೂ ಮುಟ್ಟಗೊಡುವವನಲ್ಲ ಎಂದರು. ಅಂಗಡಿಯ ಪಕ್ಕದ ಟೇಲರು, ತನ್ನ ಮಗುವಿಗೆ ಜ್ವರ ಬಂದಾಗಲೂ ಕೊಡಲಿಲ್ಲ, ಇಂಥ ಜಿಪುಣ ಸುತ್ತ ಹತ್ತೂರಲ್ಲಿಲ್ಲ ಎಂದ. ಇವರು ತಲೆ ಬಗ್ಗಿಸಿ ಕಾಲಿನ ಹೆಬ್ಬೆರಳು ನೋಡುತ್ತಾ ಕೂತಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತ ನನಗೆ ಒಳಗೊಳಗೇ ಖುಷಿ. ಈ ಬಜಾರಿನವರು ಹೇಳುತ್ತಿರುವಂಥ ಗಂಡ ನನಗೆ ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನಿಸಿತು.

ನನ್ನ ಅತ್ತೆ ಮೂಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಟೇಲರು ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಹುರುಪಿನಲ್ಲಿ ಇನ್ನೊಂದು ಮಾತು ಸೇರಿಸಿದ.

"ಇವರಪ್ಪನೂ ಹಂಗ ಇದ್ದರಿ, ಸಾಹೇಬ್ರ. ಬಾಗಲಿಗೆ ಬಂದವ್ರಿಗೆ ನೀರು ಸುದ್ದಾ ಕೊಡ್ತಿರಲಿಲ್ಲ."

ಅತ್ತೆ ಮೊರ ಕೆಳಗಿಟ್ಟರು.

"ಸಾಹೇಬ್ರ, ಇದೆಲ್ಲ ಸುಳ್ಳರಿ. ನಮ್ಮ ಯಜಮಾನ್ರು ಇದ್ದಾಗ ಈ ಮನ್ಯಾಗ ಉಣ್ಣದ ಹೋದವ್ರಿಲ್ಲ. ನನ್ನ ಮಗನೂ ಯಾರಿಗೂ ಇಲ್ಲ ಅಂದಾಂವಲ್ಲ. ಇಲ್ಲಿ ಕುಂತಾನಲ್ಲ, ಈ ಟೇಲರ, ತಮ್ಮಗ ಹೆಣ್ಣು ನೋಡಾಕ ಜವಳಗೇರಾಕ್ಕ ಅದೇ ಗಾಡಿ ಮ್ಯಾಲ ಹೋಗಿ ಬಂದಾನ. ಕೇಳ್ರಿ ಬೇಕಾದ್ರ."

ಟೇಲರು ಜವಳಗೇರಾದ ದಿಕ್ಕಿಗೇ ಮುಖ ತಿರುಗಿಸಿಕೊಂಡ. ಹಾಗಾದರೆ ಗಾಡಿಯನ್ನು ಬೇರೆಯವರಿಗೆ ಕೊಡುತ್ತಿದ್ದರೇ ಎಂದು ಸಾಹೇಬರು ಮೆಲ್ಲಗೆ ಕೇಳಿದರು.

"ಕೊಡ್ತಿದ್ನರಿ. ಕೇಳಿದವ್ರಿಗೆಲ್ಲ ಕೊಡ್ತಿದ್ದ. ಮತ್ತ ಗಾಡಿ ಇರೋದು ಎದಕರಿ?"

ಸಾಹೇಬರು ಪೆನ್ನಿಗೆ ಟೋಪಿ ಹಾಕಿದರು. ಚಾವಿಗಳನ್ನು ಇವರ ಕೈಗೆ ವಾಪಸು ಕೊಟ್ಟು, ಅತ್ತೆಯ ಹತ್ತಿರ ಇನ್ನೊಂದು ಕಪ್ ಚಹಾ ಕೇಳಿ ಕುಡಿದು ಹೋದರು. ಕ್ಲೇಮು ಅಲ್ಲಿಗೇ ಮುಗಿಯಿತು.

ನನಗೆ ಮೈಯೆಲ್ಲ ಉರಿಯಿತು. ಸತ್ತವರ ಹೆಸರು ಉಳಿಸಲು ಹೋಗಿ ಇದ್ದವಳನ್ನು ಕಾಯಂ ಆಗಿ ಬಸ್‌ಸ್ಟ್ಯಾಂಡಿಗೆ ಅಟ್ಟಿದರಲ್ಲ ಎಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಇವರು ಮಾತ್ರ ವಿಮೆಯ ಮಾತು ಎದ್ದಾಗಿನಿಂದ ಮೊದಲ ಸಲ ಹೊಟ್ಟೆ ತುಂಬ ಉಂಡರು. ಉಂಡು ನನ್ನ ಹತ್ತಿರ ಬಂದು, "ಬೈಯೋದಿದ್ರ ನನಗ ಬೈ. ಅವ್ವಗ ಬ್ಯಾಡ" ಎಂದರು. ನಾನು ಯಾರಿಗೂ ಬೈಯಲಿಲ್ಲ. ಅತ್ತೆಯ ಜೊತೆ ಮಾತನ್ನೇ ಆಡಲಿಲ್ಲ.

ಮರುದಿನ ಕತ್ತಲಲ್ಲೇ ಎದ್ದು, ರಾತ್ರಿ ಉಳಿದಿದ್ದನ್ನೇ ಡಬ್ಬಿಗೆ ತುಂಬಿಕೊಂಡು ಹೋದರಾಯಿತೆಂದು ಅಡುಗೆಮನೆಗೆ ಬಂದರೆ, ಒಲೆ ಹೊತ್ತಿತ್ತು. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಮೊಣಕಾಲು ನೋವಿನ ಜೀವ ಅದು. ಬಿಸಿಲು ಅಂಗಳಕ್ಕೆ ಬಂದು, ನಾನು ಚಹಾ ತಂದು ಕೊಟ್ಟ ಮೇಲೆಯೇ ಹಾಸಿಗೆ ಬಿಡುತ್ತಿದ್ದವರು. ನನ್ನ ಕಡೆ ತಿರುಗದೆಯೇ ಅಂದರು:

"ಬಸ್ಸು ಬರೋ ಹೊತ್ತಾತು. ಬಿಸಿ ಇದ್ದಾಗ ಕಟಗೊಂಡು ಹೋಗು."

ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ನನಗೆ ಮಸ್ಕಿಗೆ ವರ್ಗವಾಗುವವರೆಗೆ ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವರು ಅವರೇ. ಮೊಪೆಡ್ಡಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.