ಪೊದೆಯ ಹಿಂದಿನ ಮಿನ್ಕಾ ಅತ್ತಿಗೆ

ನಮ್ಮ ಲೋವೆಚ್ ಊರಿನಲ್ಲಿ ಹುಡುಗಿಗೆ ಉಂಗುರ ಕೊಟ್ಟು ಮದುವೆಯಾಗುತ್ತೀಯಾ ಎಂದು ಕೇಳಲು ಹೊರಟ ಹುಡುಗರೆಲ್ಲ ಮೊದಲು ನನ್ನ ಅತ್ತಿಗೆ ಮಿನ್ಕಾಳನ್ನು ಹುಡುಕಿಕೊಂಡು ಬರುತ್ತಾರೆ. ಹುಡುಗಿಗೆ ಸುಳಿವು ಸಿಗಬಾರದು, ಆದರೆ ಫೋಟೊ ಸಿಗಬೇಕು. ಹಾಗಾಗಿ ಐವತ್ತು ದಾಟಿದ ಈ ಹೆಂಗಸು ಕ್ಯಾಮೆರಾ ಹಿಡಿದು ಸೇತುವೆ ಪಕ್ಕದ ಪೊದೆಯಲ್ಲಿ ಕೂರುತ್ತಾಳೆ. ಹುಡುಗಿ ಒಪ್ಪಿದರೆ ಮಿನ್ಕಾಳ ಕಣ್ಣಲ್ಲಿ ನೀರು. ಇಷ್ಟು ವರ್ಷವಾದರೂ ಅದೊಂದು ತಪ್ಪಿಲ್ಲ.

ಅದಕ್ಕೂ ಮೊದಲು ಅವಳು ಜಾಗ ನೋಡಿ ಬರುತ್ತಾಳೆ, ಹಿನ್ನೆಲೆಯಲ್ಲಿ ಸತ್ತವರು ಬೀಳಬಾರದಲ್ಲ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಅವರ ಫೋಟೊ ಇರುವ ಹಾಳೆಯನ್ನು ಗೇಟಿಗೆ, ಮರಕ್ಕೆ, ಬಸ್ ನಿಲ್ದಾಣಕ್ಕೆ ಅಂಟಿಸುತ್ತೇವೆ. ವರ್ಷ ವರ್ಷವೂ ಹೊಸದು. ಅದನ್ನು ಕೈಯಾರೆ ಯಾರೂ ಕೀಳುವುದಿಲ್ಲ, ಗಾಳಿ ಮಳೆಯೇ ಒಯ್ಯಬೇಕು. ಮಿನ್ಕಾ ಹಾಳೆಯನ್ನು ಮುಟ್ಟದೆ, ಸ್ವಲ್ಪ ಆಚೆ ನಿಂತುಕೋ ಎಂದು ಹುಡುಗನಿಗೇ ಹೇಳಿಕೊಡುತ್ತಾಳೆ.

ಅವಳ ಗಂಡ ವೆಲ್ಕೊ ನನ್ನಣ್ಣ. ಅವನು ಹೋದ ಮೇಲೆ ಪ್ರತಿ ಮೇ ತಿಂಗಳಲ್ಲಿ ನಾವಿಬ್ಬರೇ ಹೋಗಿ, ಅವನು ಮೀನು ಹಿಡಿಯುತ್ತಿದ್ದ ಜಾಗದ ಆಕ್ರೋಟು ಮರಕ್ಕೆ ಹಾಳೆ ಅಂಟಿಸಿ, ಅವನ ಹೆಸರಿನಲ್ಲಿ ಬೇಯಿಸಿದ ಸಿಹಿ ಗೋಧಿ ಹಂಚಿ ಬರುತ್ತೇವೆ. ಅವಳಿಗೆ ತವರಿಲ್ಲ, ಮಕ್ಕಳಿಲ್ಲ. ಇರುವವಳು ಬಾಯಿ ಜೋರಿನ ಈ ನಾದಿನಿಯೊಬ್ಬಳೇ.

ಕಳೆದ ಬೇಸಿಗೆಯಲ್ಲಿ ಜೇನು ಮಾರುವ ಸ್ಪಾಸ್ ನಮ್ಮನೆಗೆ ಬಂದ. ಅಣ್ಣನ ಜೊತೆ ಮೀನು ಹಿಡಿಯುತ್ತಿದ್ದವನು. ಕುರ್ಚಿಯ ತುದಿಯಲ್ಲಿ ಕೂತು, ಮದುವೆಯಾಗುತ್ತೀಯಾ ಎಂದು ನಾನು ಮಿನ್ಕಾಳನ್ನು ಕೇಳಬೇಕೆಂದಿದ್ದೇನೆ, ಆ ಫೋಟೊವನ್ನು ನೀನೇ ತೆಗೆಯಬೇಕು ಎಂದ. ನನಗೆ ಮೈ ಉರಿಯಿತು.

"ಬೇರೆ ಯಾರೂ ಸಿಗ್ಲಿಲ್ವೇನೋ ನಿಂಗೆ? ನಾನು ಸತ್ತೋನ ತಂಗಿ ಕಣೋ."

"ಅದಕ್ಕೇ ನಿನ್ನ ಕೇಳ್ತಿರೋದು. ಪೊದೇಲಿ ನೀನಿದ್ರೆ, ನಿಂಗೆ ಒಪ್ಗೆ ಅಂತ ಅವಳಿಗೆ ಗೊತ್ತಾಗುತ್ತೆ. ಇಲ್ಲಾಂದ್ರೆ ಅವಳು ನಂಗೆ ಉತ್ತರಾನೇ ಕೊಡಲ್ಲ."

ಬಾಯಿಗೆ ಬಂದಂತೆ ಬೈದು ಕಳಿಸಿದೆ. ಅಣ್ಣ ಇನ್ನೊಮ್ಮೆ ಸತ್ತಂತೆ ಅನಿಸಿ ಅತ್ತುಬಿಟ್ಟೆ. ಆದರೆ ಮರುದಿನ ಅತ್ತಿಗೆಯ ಮನೆಗೆ ಹೋದರೆ, ಅವಳು ಒಲೆಯ ಪಕ್ಕ ನಿಂತುಕೊಂಡೇ ಊಟ ಮುಗಿಸುತ್ತಿದ್ದಳು. ಒಬ್ಬಳಿಗಾಗಿ ಮೇಜು ಯಾಕೆ ಅಂದಳು. ನಾನು ಹೊರಗೆ ಬಂದು ಸ್ಪಾಸನಿಗೆ ಫೋನ್ ಮಾಡಿ, ಇನ್ನೊಂದಿಷ್ಟು ಬೈದು, ಒಪ್ಪಿಕೊಂಡೆ.

ಭಾನುವಾರ ಬೆಳಿಗ್ಗೆ ಅವನು, ತನ್ನ ಅಣ್ಣನ ಮಗ ಹುಡುಗಿಯನ್ನು ಕೇಳಬೇಕಂತೆ, ಜಾಗ ನೋಡು ಬಾ ಎಂದು ಸುಳ್ಳು ಹೇಳಿ ಮಿನ್ಕಾಳನ್ನು ಆಕ್ರೋಟು ಮರದ ಬಳಿ ಕರೆತಂದ. ನಾನು ಮೊಬೈಲ್ ಹಿಡಿದು ಮುಳ್ಳಿನ ಪೊದೆಯಲ್ಲಿ ಕೂತಿದ್ದೆ. ಅವಳು ಎಂದಿನಂತೆ ಮರದ ಸುತ್ತ ನೋಡಿದಳು.

"ಇಲ್ಲಿ ಬೇಡ ಸ್ಪಾಸ್. ವೆಲ್ಕೊ ಬೀಳ್ತಾನೆ ಫೋಟೊದಲ್ಲಿ."

"ಬೀಳ್ಲಿ. ಅವನ ಮುಂದೇನೇ ಕೇಳ್ಬೇಕು ನಾನು," ಎಂದು ಸ್ಪಾಸ್ ಉಂಗುರ ಹಿಡಿದು ಮಂಡಿಯೂರಿದ.

ಅವಳು ಅವನನ್ನೂ ನೋಡಲಿಲ್ಲ, ಉಂಗುರವನ್ನೂ ನೋಡಲಿಲ್ಲ. ಅಡಗುವವರು ಎಲ್ಲಿ ಅಡಗುತ್ತಾರೆಂದು ಅವಳಿಗೆ ಹೇಳಿಕೊಡಬೇಕೇ? ನೇರ ನನ್ನ ಕಡೆ ತಿರುಗಿದಳು. ಮುಖ ಬಿಳಿಚಿಕೊಂಡಿತ್ತು.

"ಸ್ಟೆಫ್ಕಾ, ನಾನು ಹೂಂ ಅಂದ್ರೆ ನೀನು ನನ್ನ ಬಿಟ್ಬಿಡ್ತೀಯಾ?"

ಅವಳು ಹೆದರಿದ್ದು ಊರಿಗಲ್ಲ, ಸತ್ತವನಿಗೂ ಅಲ್ಲ, ನನ್ನನ್ನು ಕಳೆದುಕೊಳ್ಳುವುದಕ್ಕೆ. ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಸೆರಗು ಹಿಡಿದ ಹಟಮಾರಿ ಮಗುವಿನಂತಿದ್ದ ಮುಳ್ಳಿನಿಂದ ಲಂಗ ಬಿಡಿಸಿಕೊಂಡು ಹೊರಗೆ ಬಂದೆ.

"ಅಣ್ಣ ಹೋದಾಗ್ಲೇ ನಿನ್ನ ಬಿಡ್ಲಿಲ್ಲ. ಈಗ ಯಾಕೆ ಬಿಡ್ಲಿ ಅತ್ತಿಗೆ?"

ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅದನ್ನು ಬಿಡದೆಯೇ ಇನ್ನೊಂದು ಕೈಯನ್ನು ಸ್ಪಾಸನತ್ತ ಚಾಚಿದಳು. ಆ ಫೋಟೊ ತೆಗೆಯಲು ಅಲ್ಲಿ ಯಾರೂ ಇರಲಿಲ್ಲ.