ಕಂಡಿಕಿ ಮುಗಿದ ಮೇಲೆ ಖೋಖೋ

ನರ್ಸಬಾಯಿಯ ಅಂಗೈ ಅಗಲವಾಗಿತ್ತು, ಒರಟಾಗಿತ್ತು, ಸುಡು ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ದಿನಕ್ಕೆ ಹತ್ತು ಸಲ ಕಾರ್ಬಾಲಿಕ್ ಸಾಬೂನು ಹಚ್ಚಿ ತೊಳೆದು ತೊಳೆದು ಬೆರಳ ತುದಿಯ ಚರ್ಮ ಬೆಳ್ಳಗೆ ಸುಕ್ಕುಗಟ್ಟಿತ್ತು. ಇಚಲಕರಂಜಿಯ ನಮ್ಮ ಓಣಿಯಲ್ಲಿ ಹುಟ್ಟಿದ ಮುಕ್ಕಾಲು ಪಾಲು ಮಕ್ಕಳ ಬೆನ್ನಿಗೆ ಮೊದಲು ಬಿದ್ದದ್ದು ಆ ಅಂಗೈಯ ಏಟೇ. ನನಗೆ ಎರಡು ಬಿದ್ದವಂತೆ. ಮೊದಲನೆಯದಕ್ಕೆ ನಾನು ಅಳಲಿಲ್ಲವಂತೆ. "ಹುಟ್ಟಾ ಮೊಂಡ ಇದು" ಎಂದು ಕೊನೆಯವರೆಗೂ ನನ್ನನ್ನು ಕಾಡಿಸುತ್ತಿದ್ದರು.

ಅವರು ಮುನಸಿಪಾಲ್ಟಿಯ ಹೆರಿಗೆ ದವಾಖಾನೆಯಲ್ಲಿ ನರ್ಸು. ಊರು ಸುಳಕೂಡ, ಕುರಿ ಸಾಕುವವರ ಮನೆತನ. ತೀರ ಎಳೆಯ ವಯಸ್ಸಿನಲ್ಲೇ ಗಂಡ ಹೋದ ಮೇಲೆ ಯಾರ ಮಾತನ್ನೂ ಕೇಳದೆ ಕೊಲ್ಲಾಪುರಕ್ಕೆ ಹೋಗಿ ಕೆಲಸ ಕಲಿತು ಬಂದವರು. ಬಿಳಿ ಸೀರೆ, ಕರ್ರ್ ಕರ್ರ್ ಎನ್ನುವ ಚಪ್ಪಲಿ. ಸಿಟ್ಟು ಬಂದರೆ ಮರಾಠಿ ಮಾತಾಡುತ್ತಿದ್ದರು, ಪ್ರೀತಿ ಬಂದರೆ ಕನ್ನಡ. ಓಣಿಯ ಹುಡುಗಿಯರು ಅವರ ಬಾಯಿಂದ ಕೇಳಿದ್ದು ಹೆಚ್ಚಾಗಿ ಮರಾಠಿಯೇ.

ಹುಡುಗಿಯರ ಖೋಖೋ ಮಂಡಳ ಕಟ್ಟುವ ಹುಚ್ಚು ಅವರ ತಲೆಗೆ ಯಾಕೆ ಹೊಕ್ಕಿತೆಂದು ಆಗ ಯಾರಿಗೂ ತಿಳಿಯಲಿಲ್ಲ. ಆ ಕಾಲಕ್ಕೆ ಗರಡಿ, ಕುಸ್ತಿ ಎಲ್ಲ ಗಂಡುಮಕ್ಕಳಿಗೆ. ಹುಡುಗಿಯರ ಓಟವೆಂದರೆ ನಲ್ಲಿಗೆ ನೀರು ಬಂದಾಗ ಕೊಡ ಹಿಡಿದು ಓಡುವುದು, ಅಷ್ಟೇ. ನನ್ನಪ್ಪ ನೂಲಿನ ವ್ಯಾಪಾರಿ. ಅಂಗಡಿ ಕಟ್ಟೆ ಏರಿ ಬಂದ ನರ್ಸಬಾಯಿಗೆ ಅವರು ಚಹಾ ತರಿಸಿ, ಆಮೇಲೆ ಇಲ್ಲವೆಂದರು.

"ಬಾಯಾರ, ಹೆಣ್ಣ ಹುಡುಗಿ ಬಯಲಾಗ ಓಡೂದು ಚಂದ ಕಾಣೂದಿಲ್ರಿ."

"ಸಾವಕಾರ್ರ, ಈಕಿ ಹುಟ್ಟಿದಾಗ ಉಸಿರ ಆಡಿರಲಿಲ್ಲ. ಬೆನ್ನಿಗೆ ಬಡದು ಉಸಿರ ತಂದಾಕಿ ನಾನು. ದಿನಕ್ಕ ಒಂದ ತಾಸು ನನ್ನ ಕಡೆ ಕಳಸ್ರಿ, ಉಳಿದ ಇಪ್ಪತ್ತಮೂರು ನೀವು ಇಟಗೋರಿ."

ಅಪ್ಪ ಒಪ್ಪಿದರು. ಓಣಿಯ ಉಳಿದ ಅಪ್ಪಂದಿರೂ ಇದೇ ಮಾತಿಗೆ ಬಗ್ಗಿ ಮಗಳನ್ನು ಕಳಿಸಿದರು. ಅಜ್ಜಿಯಂದಿರು ಮಾತ್ರ ಬಗ್ಗಲಿಲ್ಲ. ಅದಕ್ಕೆ ನರ್ಸಬಾಯಿ ಹೂಡಿದ ಉಪಾಯವನ್ನು ನೆನೆದರೆ ಈಗಲೂ ನಗು ಬರುತ್ತದೆ. ದಿನಕ್ಕೊಬ್ಬ ಅಜ್ಜಿ ಬೇವಿನ ಮರದ ಕೆಳಗೆ ಕುಳಿತು ಹುಡುಗಿಯರನ್ನು ಕಾಯಬೇಕೆಂದು ಪಾಳಿ ಹಚ್ಚಿದರು. ಯಾವ ಅಜ್ಜಿ ಹೆಚ್ಚು ಕೂಗಾಡಿದ್ದಳೋ ಅವಳದೇ ಮೊದಲ ಪಾಳಿ. ನನ್ನ ಅಜ್ಜಿಗೆ ಸೋಮವಾರ ಬಂತು. ಎರಡು ವಾರ ಕಳೆಯುವುದರೊಳಗೆ ಅವಳು ಸೋಮವಾರ ಹೊತ್ತಿಗೆ ಮುಂಚೆ ಎಲೆಯಡಿಕೆ ಚೀಲ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. "ಆ ನೇಕಾರರ ಹುಡುಗಿ ಔಟಾಗಿದ್ಲು, ನಾ ಕಣ್ಣಾರೆ ನೋಡೇನಿ" ಎಂದು ನರ್ಸಬಾಯಿಯ ಜೊತೆ ಜಗಳಕ್ಕೂ ಇಳಿಯುತ್ತಿದ್ದಳು.

ನೂಲಿಗೆ ಗಂಜಿ ಹಾಕುವ ಸೈಜಿಂಗ್ ಕಾರಖಾನೆಯ ಹಿಂದಿನ ಜಾಗದಲ್ಲಿ ಜಾಲಿ ಕಡಿದು ಅಂಗಳ ಮಾಡಿದೆವು. ಮುರಿದ ಮಗ್ಗದ ಮರ ತಂದು ಎರಡು ಕಂಬ ಹುಗಿದೆವು. ಕಾಲುದ್ದದ ಪರಕಾರ ಎತ್ತಿ ಕಚ್ಚೆ ಹಾಕಿಕೊಂಡು ಓಡಬೇಕು. ಒಳಗೆ ಮೊಣಕಾಲು ಮುಚ್ಚುವ ಚಡ್ಡಿ, ದವಾಖಾನೆಯ ಬಿಡುವಿನಲ್ಲಿ ನರ್ಸಬಾಯಿಯೇ ಕೈಹೊಲಿಗೆ ಹಾಕಿ ಕೊಟ್ಟದ್ದು. ದೊಡ್ಡ ಹುಡುಗಿಯೊಬ್ಬಳಿಗೆ ಒಬ್ಬ ಸಣ್ಣ ಹುಡುಗಿಯ ಜೋಡಿ: ಮನೆಯಿಂದ ಕರೆತರುವುದು, ತಿರುಗಿ ಮುಟ್ಟಿಸುವುದು ಅವಳ ಜವಾಬ್ದಾರಿ. ಆಟ ಮುಗಿದ ಮೇಲೆ ಸೇಂಗಾ ಬೆಲ್ಲ, ಅದೂ ದಿನಕ್ಕೊಂದು ಮನೆಯಿಂದ.

ಆದರೆ ನಿಜವಾದ ಅಡ್ಡಿ ಅಪ್ಪಂದಿರೂ ಅಲ್ಲ, ಅಜ್ಜಿಯಂದಿರೂ ಅಲ್ಲ, ಕಂಡಿಕಿ. ನಮ್ಮ ಓಣಿಯಲ್ಲಿ ಮನೆ ಮನೆಯಲ್ಲೂ ಮಗ್ಗ. ಮಗ್ಗಕ್ಕೆ ಲಾಳಿ, ಲಾಳಿಯೊಳಗೆ ನೂಲು ಸುತ್ತಿದ ಸಣ್ಣ ಕೊಳವೆ, ಅದೇ ಕಂಡಿಕಿ. ಶಾಲೆಯಿಂದ ಬಂದ ಹುಡುಗಿ ರಾಟಿಯ ಮುಂದೆ ಕೂತು ಬುಟ್ಟಿ ತುಂಬ ಕಂಡಿಕಿ ಸುತ್ತದಿದ್ದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಖೋಖೋ ಯಾರಿಗೆ ಬೇಕು?

ನರ್ಸಬಾಯಿ ಒಂದೇ ನಿಯಮ ಮಾಡಿದರು. ಯಾರ ಮನೆಯಲ್ಲಿ ಕೆಲಸ ಉಳಿದಿದೆಯೋ ಆ ಮನೆಗೆ ಎಲ್ಲರೂ ಹೋಗಬೇಕು. ಅಕ್ಕಪಕ್ಕದ ಮನೆಗಳ ರಾಟಿಗಳೂ ಅಲ್ಲಿಗೇ ಬರಬೇಕು. ಬುಟ್ಟಿ ತುಂಬಿದ ಮೇಲೆಯೇ ಅಂಗಳಕ್ಕೆ. "ಆಧೀ ಕಾಂಡ್ಯಾ, ಮಗ ಖೋ," ಮೊದಲು ಕಂಡಿಕಿ, ಆಮೇಲೆ ಖೋ ಎಂದು ಮರಾಠಿಯಲ್ಲಿ ಗುಡುಗುತ್ತಿದ್ದರು. ಒಬ್ಬಳಿಗೆ ಎರಡು ತಾಸಿನ ಕೆಲಸ ಹತ್ತು ಹುಡುಗಿಯರ ಕೈಯಲ್ಲಿ ಹಾಡು ಹರಟೆಯ ನಡುವೆ ಮುಗಿದುಹೋಗುತ್ತಿತ್ತು.

ನಮ್ಮ ಮನೆಯಲ್ಲಿ ಮಗ್ಗವಿರಲಿಲ್ಲ. ನಾವು ನೂಲು ಮಾರುವವರು, ಸುತ್ತುವವರಲ್ಲ. ಈ ಮಾತು ಯಾರೂ ನನಗೆ ಹೇಳಿಕೊಟ್ಟದ್ದಲ್ಲ, ನಾನೇ ಕಲಿತದ್ದು. ಎಲ್ಲರೊಡನೆ ಹೋದಾಗಲೂ ಹಾಡಿಗೆ ದನಿಗೂಡಿಸುತ್ತಿದ್ದೆ, ರಾಟಿಗೆ ಕೈ ಹಚ್ಚುತ್ತಿರಲಿಲ್ಲ. ಓಟದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ, ಆ ಸೊಕ್ಕೂ ಸೇರಿತು. ಗಡಹಿಂಗ್ಲಜದಲ್ಲಿ ಪಂದ್ಯವೆಂದು ಗೊತ್ತಾದಾಗ ನನಗೆ ಹದಿಮೂರು ವರ್ಷ. ಊರ ಹೊರಗಿನ ಮೊದಲ ಪಂದ್ಯ. ನಿದ್ದೆಯಲ್ಲೂ ಕಾಲು ಝಾಡಿಸುತ್ತಿದ್ದೆ ಎಂದು ಅವ್ವ ಹೇಳುತ್ತಿದ್ದಳು.

ಅದಕ್ಕೆ ಎಂಟು ದಿನ ಮುಂಚೆ ಶೇವಂತಿಯ ತಾಯಿ ಜ್ವರ ಬಂದು ಮಲಗಿದಳು. ಶೇವಂತಿ ನಮ್ಮ ತಂಡದಲ್ಲಿ ಹತ್ತನೆಯವಳು, ಯಾರಿಗಾದರೂ ಕಾಲು ಉಳುಕಿದರೆ ಆಡಲೆಂದು ಇದ್ದವಳು. ಎಲ್ಲರೂ ಅವಳ ಮನೆಗೆ ಹೊರಟರು. ನಾನು ತಲೆನೋವೆಂದು ಹೇಳಿ ತಪ್ಪಿಸಿಕೊಂಡು ಅಂಗಳಕ್ಕೆ ಹೋಗಿ ಕಂಬದಿಂದ ಕಂಬಕ್ಕೆ ಒಬ್ಬಳೇ ಓಡಿದೆ. ಮರುದಿನವೂ ಹಾಗೆಯೇ ಮಾಡಿದೆ. ಮೂರನೆಯ ದಿನ ತಿರುಗಿದಾಗ ದವಾಖಾನೆಯ ದಾರಿಯಲ್ಲಿ ಬಿಳಿ ಸೀರೆ ನಿಂತಿತ್ತು. ನರ್ಸಬಾಯಿ ನೋಡಿದರು, ಚಪ್ಪಲಿ ಕರ್ರ್ ಎನ್ನಿಸುತ್ತ ಹೋದರು. ಬದುಕಿದೆ ಎಂದುಕೊಂಡೆ.

ಪಂದ್ಯಕ್ಕೆ ಹೋದದ್ದು ನಮ್ಮಪ್ಪನ ಟ್ರಕ್ಕಿನಲ್ಲಿ. ಹುಡುಗಿಯರೆಲ್ಲ ಹಿಂದೆ ಗೋಣಿಚೀಲದ ಮೇಲೆ, ನಾನು ಮುಂದೆ ಅಪ್ಪನ ಪಕ್ಕದಲ್ಲಿ. ಗಡಹಿಂಗ್ಲಜದ ಅಂಗಳದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ನಾನು ಕಚ್ಚೆ ಬಿಗಿದು ನಿಂತೆ. ನರ್ಸಬಾಯಿ ಒಂಬತ್ತು ಹೆಸರು ಕರೆದರು. ಒಂಬತ್ತನೆಯ ಹೆಸರು ಶೇವಂತಿಯದು.

"ಬಾಯಾರ, ನಾನ್ರಿ?"

"ಶೇವಂತಿ ಮನ್ಯಾಗ ಕುಂದ್ರಲಿಲ್ಲ ನೀ. ಇಲ್ಲಿ ಕುಂದ್ರು."

ಕನ್ನಡದಲ್ಲಿ ಹೇಳಿದರು, ಮೆಲ್ಲಗೆ. ಮರಾಠಿಯಲ್ಲಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಪ್ಪ ಸಿಟ್ಟಿನಿಂದ ಬಂದರು. "ಟ್ರಕ್ಕು ನಮ್ಮದು, ಮಗಳು ನೆಲದ ಮ್ಯಾಲ ಕುಂತಾಳ. ಇದೆಂಥಾ ನ್ಯಾಯರಿ?"

"ಟ್ರಕ್ಕು ಬೇಕಾದ್ರ ತಗೊಂಡ ಹೋಗ್ರಿ ಸಾವಕಾರ್ರ, ನಾವು ಎಸ್.ಟಿ. ಬಸ್ ಹಿಡೀತೇವಿ. ಹುಡುಗಿ ಮಾತ್ರ ಕುಂದ್ರತಾಳ."

ನಾನು ಕುಳಿತೆ. ಶೇವಂತಿ ಓಡಿದಳು, ಪಾಪ, ನಿಮಿಷ ತುಂಬುವುದರೊಳಗೆ ಔಟಾದಳು. ಎರಡೇ ಎರಡು ಅಂಕಗಳಲ್ಲಿ ಸೋತೆವು. ನಾನು ಆಡಿದ್ದರೆ ಗೆಲ್ಲುತ್ತಿದ್ದೆವು. ಅದು ನನಗೂ ಗೊತ್ತಿತ್ತು, ನರ್ಸಬಾಯಿಗೂ ಗೊತ್ತಿತ್ತು. ಅಪ್ಪ ಟ್ರಕ್ಕು ಒಯ್ಯಲಿಲ್ಲ. ಎಲ್ಲರನ್ನೂ ಅದರಲ್ಲೇ ಊರಿಗೆ ತಂದು ಬಿಟ್ಟರು. ಅಷ್ಟು ಹುಡುಗಿಯರ ಎದುರು ಒಂದು ಮಗುವನ್ನು ಹಾಗೆ ಕೂರಿಸಬಾರದಿತ್ತು ಎಂದು ನನಗೆ ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ಮುಂಚೆಯೇ ಕರೆದು ಎರಡು ಬಡಿದಿದ್ದರೆ ಆಗುತ್ತಿರಲಿಲ್ಲವೇ?

ಒಂದು ತಿಂಗಳು ಅಂಗಳದ ಕಡೆ ತಲೆ ಹಾಕಲಿಲ್ಲ. ಕೊನೆಗೆ ಬಂದವಳು ಶೇವಂತಿಯೇ. "ಬಾರೇ, ಕಂಡಿಕಿ ಭಾಳ ಉಳದಾವ" ಎಂದಳು, ಏನೂ ಆಗಿಲ್ಲವೆಂಬಂತೆ. ಹೋದೆ. ನಾನು ಸುತ್ತಿದ ಮೊದಲ ಕಂಡಿಕಿ ಸಡಿಲವಾಗಿ, ಲಾಳಿಯಲ್ಲಿ ನೂಲು ಜಾರಿ ಗಂಟಾಗಿ, ಅವರ ಮನೆಯ ಗೇಣು ಬಟ್ಟೆ ಕೆಟ್ಟಿತು. ಆ ಹೊತ್ತಿಗೆ ಸರಿಯಾಗಿ ನರ್ಸಬಾಯಿ ಬಾಗಿಲಲ್ಲಿ. ಕಂಡಿಕಿಯನ್ನು ಒತ್ತಿ ನೋಡಿ, "ಸಡಿಲ ಆಗೇತಿ. ಬಿಚ್ಚು, ತಿರುಗಿ ಸುತ್ತು" ಎಂದು ಬುಟ್ಟಿ ಪೂರ್ತಿ ಬಿಚ್ಚಿಸಿದರು. ಮುಂದಿನ ವರ್ಷ ಕೊಲ್ಲಾಪುರದ ಪಂದ್ಯದಲ್ಲಿ ನನ್ನ ಹೆಸರನ್ನು ಮೊದಲು ಕರೆದರು.

ಆರು ವರ್ಷಗಳ ಮೇಲೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಬೆಳಗ್ಗೆ ಶುರುವಾದ ನೋವು ಮಧ್ಯಾಹ್ನ ದಾಟಿದರೂ ಮುಗಿಯಲಿಲ್ಲ. ನರ್ಸಬಾಯಿ ನನ್ನ ಬೆನ್ನ ಹಿಂದೆ ಕುಳಿತು ದಮ್ ಹಿಡಿ, ದಮ್ ಬಿಡು ಎನ್ನುತ್ತಲೇ ಇದ್ದರು. "ನನ್ನಿಂದ ಆಗೂದಿಲ್ರಿ ಬಾಯಾರ" ಎಂದು ನಾನು ಕೈಚೆಲ್ಲಿದೆ.

"ಗಡಿಂಗ್ಲಜದಾಗ ಕುಂತಿದ್ದಿ, ಅಷ್ಟ ಸಾಕು. ಈಗ ಕುಂದರೂದಲ್ಲ. ಖೋ!"

ಆ ತಣ್ಣನೆಯ ಅಂಗೈ ನನ್ನ ಬೆನ್ನಿನ ಮೇಲೆ ಬಿತ್ತು. ಉಸಿರು ಎಲ್ಲಿಂದ ಬಂತೋ ಗೊತ್ತಿಲ್ಲ. ಮಗಳು ಹುಟ್ಟಿದಳು. ಅವಳಿಗೆ ಒಂದೇ ಏಟು ಸಾಕಾಯಿತು.

ಕೈ ತೊಳೆಯುತ್ತ, ನನ್ನ ಕಡೆ ನೋಡದೆ ಹೇಳಿದರು: "ನಮ್ಮಕ್ಕ ಹದಿನಾಲ್ಕಕ್ಕ ಹಡಿಯಾಕ ಕುಂತಾಕಿ ಏಳಲಿಲ್ಲ. ದಮ್ ಸಾಲಲಿಲ್ಲ ಆಕೀಗೆ. ನಾ ಬಾಜೂಕ ನಿಂತ ನೋಡೇನಿ." ಖೋಖೋದ ಹುಚ್ಚು ಎಲ್ಲಿಂದ ಬಂತೆಂದು ನನಗೆ ಅಂದು ತಿಳಿಯಿತು. ಮಲಗಿದಲ್ಲೇ ಬಿಕ್ಕಿ ಬಿಕ್ಕಿ ಅತ್ತೆ.

ಮೂರು ವರ್ಷಗಳ ಮೇಲೆ ಅವರು ಹೋದರು. ಸುಳಕೂಡದಿಂದ ಅಣ್ಣನ ಮಕ್ಕಳು ಹೆಗಲಿಗೆ ಕಂಬಳಿ ಹಾಕಿಕೊಂಡು ಬಂದು ದೇಹವನ್ನು ಊರಿಗೆ ಒಯ್ದರು. ಅಪ್ಪನೇ ಟ್ರಕ್ಕು ಕೊಟ್ಟರು. ಓಣಿಯ ತುದಿಯಲ್ಲಿ, ಸುದ್ದಿ ಕೇಳಿ ಬಂದ ನಾವು ಹೆಂಗಸರು, ಕಂಕುಳಲ್ಲಿ ಕೂಸು ಎತ್ತಿಕೊಂಡ ಹಳೆಯ ಆಟಗಾರರು, ಅದು ಮರೆಯಾಗುವವರೆಗೆ ನಿಂತೆವು. ಯಾರಿಗೂ ಮನೆಗೆ ಹೋಗುವ ಮನಸ್ಸಿರಲಿಲ್ಲ. ಶೇವಂತಿಯ ಮನೆಯಲ್ಲಿ ಬೆಳಗಿನಿಂದ ಕಂಡಿಕಿ ಹಾಗೇ ಬಿದ್ದಿದ್ದವು. ಯಾರೂ ಕರೆಯಲಿಲ್ಲ, ಎಲ್ಲರೂ ಅಲ್ಲಿಗೇ ನಡೆದೆವು, ರಾಟಿಯ ಮುಂದೆ ಕುಳಿತೆವು.

ನಾನು ಒಂದು ಕಂಡಿಕಿ ಸುತ್ತಿ ಬುಟ್ಟಿಗೆ ಹಾಕಿದೆ. ಶೇವಂತಿ ಅದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಅವಳ ಕಣ್ಣು ತುಂಬಿತ್ತು.

"ಸಡಿಲ ಆಗೇತಿ" ಎಂದಳು.

ನಾನು ಬಿಚ್ಚಿ ತಿರುಗಿ ಸುತ್ತಿದೆ.